ಮುಕ್ತಾ ಮಾರಿದ ಕೋಳಿಗಳು

ಹೃಷೀಕೇಶನಿಗೆ ಹೃದಯಾಘಾತವಾದ ವರ್ಷವೇ, ಖಾನಾಪುರದಲ್ಲಿದ್ದ ಅವನ ಅಕ್ಕ ಮುಕ್ತಾ ತನ್ನ ಕೋಳಿಗಳನ್ನೆಲ್ಲ ಮಾರಿಬಿಟ್ಟಳು. ಅಲ್ಲಿಯವರೆಗೆ ಬೆಳಗಾವಿಯ ಟಿಳಕವಾಡಿಯಲ್ಲಿದ್ದ ತಮ್ಮನ ಮನೆಗೆ ಅವಳ ನಾಟಿಕೋಳಿಗಳ ಜವಾರಿ ತತ್ತಿಗಳು ತಪ್ಪದೆ ತಲುಪುತ್ತಿದ್ದವು. ತತ್ತಿಯ ಹಳದಿ ಮುಟ್ಟಲೇಬೇಡಿ ಎಂದು ಆಗಿನ ಡಾಕ್ಟರು ಹೇಳಿದ್ದು ಕಿವಿಗೆ ಬಿದ್ದ ಮೇಲೆ, ತಮ್ಮನಿಗೆ ಕುತ್ತು ತಂದವಳು ತಾನೇ ಎಂಬ ಸಂಕಟ ಅವಳನ್ನು ಬಿಡಲಿಲ್ಲ. ತಾನೂ ತತ್ತಿ ತಿನ್ನುವುದನ್ನು ನಿಲ್ಲಿಸಿದಳು.

ಈಗ ಐದು ವರ್ಷಗಳ ನಂತರ, ಹೊಸ ಡಾಕ್ಟರ್ ಪೂರ್ಣಿಮಾ ಬೇರೆಯದನ್ನೇ ಹೇಳಿದರು.

"ತತ್ತಿಗೆ ಈಗ ಅಷ್ಟು ಹೆದರಬೇಕಾಗಿಲ್ರಿ. ವಾರಕ್ಕ ಮೂರ್ನಾಲ್ಕು ನಡೀತಾವ. ಕರಿದದ್ದು, ಬೆಣ್ಣಿ ಕಡಿಮಿ ಮಾಡ್ರಿ. ಗುಳಗಿ ಮಾತ್ರ ಬಿಡಬ್ಯಾಡ್ರಿ."

ಹೃಷೀಕೇಶನಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ; ಅಕ್ಕ ಮಾರಿದ ಕೋಳಿಗಳು ನೆನಪಾದವು. ಮನೆಯಲ್ಲಿ ಕೂತಲ್ಲಿ ಕೂರಲಾರದೆ, ಊಟವನ್ನು ಅರ್ಧಕ್ಕೇ ಬಿಟ್ಟು ಕಾರು ತೆಗೆದ. ಖಾನಾಪುರದ ದಾರಿಯಲ್ಲಿ ಪೀರನವಾಡಿ ದಾಟಿದರೂ ಅಕ್ಕನ ಮುಂದೆ ಮಾತು ಹೇಗೆ ತೆಗೆಯುವುದೆಂದು ತೋಚಲಿಲ್ಲ.

ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಮುಕ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಆವಾಗ ಬ್ಯಾಡ ಅಂದ್ರು, ಈಗ ತಿನ್ನು ಅಂತಾರ. ಯಾರ್ದು ಖರೇ?"

"ಅವರಿಗೂ ಈಗ ಹೆಚ್ಚು ತಿಳದೈತಿ ಅಕ್ಕಾ. ನಿನ್ನ ತತ್ತಿಯಿಂದ ಆಗಿದ್ದಲ್ಲ ಅದು."

"ಮತ್ತ ಯಾತರಿಂದ ಆತು?"

ಅವನು ತಡೆದು ಹೇಳಿದ: "ಅಪ್ಪಂದೂ ಕೇಳಿದ್ರು ಡಾಕ್ಟರು. ರಕ್ತದಾಗ ಬಂದಿರಬಹುದಂತ. ನೀನೂ ತೋರಿಸ್ಕೊ ಅಂದಾರ."

ಅವರ ಅಪ್ಪ ಐವತ್ತು ತುಂಬುವ ಮೊದಲೇ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಿದ್ದ.

"ನಾ ತತ್ತಿ ಬಿಟ್ಟು ಎಷ್ಟು ಕಾಲಾತು. ನನಗೇನಾಗ್ತದ?" ಎಂದಳು ಮುಕ್ತಾ. ಹೃಷೀಕೇಶ ಬಿಡಲಿಲ್ಲ. ಮರುದಿನವೇ ಬೆಳಗಾವಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದ. ಹೃದಯಾಘಾತದ ಹೊತ್ತಿಗೆ ಅವನಿಗೆ ಇದ್ದುದಕ್ಕಿಂತಲೂ ಹೆಚ್ಚು ಕೊಲೆಸ್ಟ್ರಾಲ್ ಅವಳಲ್ಲಿತ್ತು.

"ನಿಮ್ಮ ಮನೆತನದಾಗ ಬಂದದ್ರಿ ಇದು. ಯಾರದೂ ತಪ್ಪಲ್ಲ," ಎಂದು ಪೂರ್ಣಿಮಾ ಗುಳಿಗೆ ಬರೆದುಕೊಟ್ಟರು. ಮುಕ್ತಾ ಆ ಮಾತನ್ನು ಮತ್ತೊಮ್ಮೆ ಹೇಳಿಸಿ ಕೇಳಿದಳು. ಬಹಳ ಹೊತ್ತು ಸೆರಗಿನಿಂದ ಮುಖ ತೆಗೆಯಲಿಲ್ಲ.

ಹಿಂದಿರುಗುವಾಗ ಅವಳು ಹಗುರಾಗಿರಬಹುದೆಂದು ಹೃಷೀಕೇಶ ಎಣಿಸಿದ್ದ. ಆದರೆ ಅವಳು ಸೀಟಿನಲ್ಲಿ ಮತ್ತೆಮತ್ತೆ ಹೊರಳುತ್ತಿದ್ದಳು. ಕೊನೆಗೆ ಕೇಳಿದಳು:

"ಮುಗ್ಧಾಂದು ತಪಾಸ ಮಾಡ್ಸಿಯೇನು?"

ಮುಗ್ಧಾ ಅವನ ಒಬ್ಬಳೇ ಮಗಳು, ಕಾಲೇಜು ಓದುತ್ತಿದ್ದಳು. ಅವನಿಗೆ ಆ ಯೋಚನೆಯೇ ಬಂದಿರಲಿಲ್ಲ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಮಗಳಿಗೆ ಫೋನು ಮಾಡಿದ.

"ನಾಳೆ ಮುಂಜಾನೆ ಕಾಲೇಜಿಗೆ ಹೋಗಬ್ಯಾಡವ್ವಾ, ರಕ್ತ ತಪಾಸ ಮಾಡ್ಸೂಣು," ಎಂದ.

"ನಾನೂ ಬರ್ತೀನಿ ಅನ್ನು," ಎಂದು ಮುಕ್ತಾ ಪಕ್ಕದಿಂದ ಅವನ ತೋಳು ಹಿಡಿದಳು.