ಮೂರು, ಮೂರು, ಮೂರು

ನಮ್ಮ ದ್ವೀಪದಲ್ಲಿ ವಿಮಾನ ಇಳಿಯಬೇಕಾದರೆ ಮೊದಲು ನಾನು ಮೂರು ಅಂಕಿ ಹೇಳಬೇಕು, ರನ್‌ವೇಯ ಒಂದೊಂದು ಭಾಗಕ್ಕೆ ಒಂದೊಂದು. ಆರೆಂದರೆ ಒಣ ನೆಲ. ಸೊನ್ನೆಯೆಂದರೆ ಚಕ್ರ ನಿಲ್ಲುವುದೇ ಇಲ್ಲ. ಆಂಬುಲೆನ್ಸ್ ವಿಮಾನಕ್ಕೆ ಪ್ರತಿ ಭಾಗದಲ್ಲೂ ಕನಿಷ್ಠ ಮೂರಾದರೂ ಬೇಕು.

ಈ ಕೆಲಸ ಕಲಿಸಿದವನು ಅಪ್ಪ ಸಿಗ್ವಾಲ್. ಮೂವತ್ತು ವರ್ಷ ಇಲ್ಲಿನ ಹಿಮ ಗುಡಿಸಿದವನು. "ಯಾರು ಕಾಯ್ತಿದ್ದಾರೆ ಅಂತ ನೋಡ್ಬೇಡ, ನೆಲದ ಮೇಲೆ ಏನಿದೆ ನೋಡು" ಎಂದು ತಲೆಚಿಟ್ಟು ಹಿಡಿಯುವಷ್ಟು ಸಲ ಹೇಳಿದ್ದ.

ಫೆಬ್ರವರಿಯ ಆ ಬೆಳಿಗ್ಗೆ ಕಾಯುತ್ತಿದ್ದವನು ಅಪ್ಪನೇ. ಎದೆನೋವು. ಸಂಜೆಯೊಳಗೆ ಆಚೆ ದಡದ ದೊಡ್ಡಾಸ್ಪತ್ರೆ ಸೇರದಿದ್ದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಅಲೆಗಳ ಅಬ್ಬರಕ್ಕೆ ದೋಣಿಗಳೂ ನಿಂತಿದ್ದವು. ರನ್‌ವೇಯ ಮಂಜುಗಡ್ಡೆಯ ಮೇಲೆ ದರಿದ್ರ ಮಳೆ. ಬಿಸಿನೀರಲ್ಲಿ ಕಲಸಿದ ಮರಳನ್ನು ಚೆಲ್ಲಿದೆ. ಅದು ಗಡ್ಡೆಗೆ ಕಚ್ಚಿ ಹೆಪ್ಪುಗಟ್ಟಬೇಕು. ಮಳೆ ತೊಳೆದುಬಿಟ್ಟಿತು. ಮತ್ತೆ ಚೆಲ್ಲಿದೆ, ಮತ್ತೆ ತೊಳೆಯಿತು.

ವಿಮಾನಗಳಿಗೆ ಸೂಚನೆ ಕೊಡುವ ಗೋಪುರದಿಂದ ಓಡ್ನಿ ರೇಡಿಯೋದಲ್ಲಿ ಕರೆದಳು. "ವಿಮಾನ ತಲೆ ಮೇಲೇ ಸುತ್ತುತ್ತಿದೆ ಕಣೋ. ಎಷ್ಟು ಹೇಳ್ಲಿ?"

ನಾನು ಬಗ್ಗಿ ಗಡ್ಡೆಯ ಮೇಲೆ ಮತ್ತೊಮ್ಮೆ ಕೈಯಾಡಿಸಿದೆ.

"ಐವಿನ್, ಬಾಯಿ ಬಿಡೋ ಮಾರಾಯ. ಮೂರು ಅಂದ್ರೆ ಇಳೀತಾರೆ."

ಮೂರು ನಾಲಿಗೆಯ ತುದಿಯಲ್ಲೇ ಇತ್ತು. "ಒಂದು, ಒಂದು, ಸೊನ್ನೆ" ಎಂದೆ.

ವಿಮಾನದ ಸದ್ದು ದೂರವಾಯಿತು. ಜೀಪಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ.

ದ್ವೀಪದ ಚಿಕ್ಕ ಆಸ್ಪತ್ರೆಗೆ ಹೋದರೆ ಅಪ್ಪ ಮೊದಲು ಕೇಳಿದ್ದೇ ಅದು: "ಎಷ್ಟು ಹೇಳ್ದೆ?"

ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ.

"ನೀನು ಚಿಕ್ಕೋನಿದ್ದಾಗ ನಿನ್ನ ಕರುಳು ತಿರುಚ್ಕೊಂಡಿತ್ತು. ಆವತ್ತು ನೆಲದ ಅಂಕಿ ಬರೀ ಒಂದಿತ್ತು, ನಾನು ಮೂರು ಅಂದೆ. ವಿಮಾನ ಜಾರಿ ಹಿಮದ ಗುಡ್ಡೆಗೆ ಹೊಡ್ಕೊಂಡು ನಿಂತಿತು. ಒಂದು ಮಾರು ಆಚೆ ಸಮುದ್ರ. ಪೈಲಟ್ ಇಳಿದು ನನ್ನ ಮುಖ ನೋಡಿದ, ಬೈಲೇ ಇಲ್ಲ. ಅದಕ್ಕೇ ನಿಂಗೆ ಹಾಗೆ ಕಲಿಸಿದ್ದು."

"ನಾನೂ ಹೇಳ್ಬಹುದಿತ್ತಲ್ಲಪ್ಪ."

"ಹೇಳ್ಲಿಲ್ವಲ್ಲ, ಸಾಕು. ಇಲ್ಲಿ ಕೂತು ಏನ್ಮಾಡ್ತೀಯ? ಹೋಗು, ಮರಳು ಹಾಕು."

ಹೋಗಬಾರದಿತ್ತು. ಹೋದೆ, ಅವನ ಮಾತು ಮೀರಿ ಅಭ್ಯಾಸವಿರಲಿಲ್ಲ.

ಮೂರು ಗಂಟೆಗೆ ಮಳೆ ನಿಂತು ಚಳಿ ಜೋರಾಯಿತು. ಮರಳು ಕಚ್ಚಿತು. ಅಳೆದೆ, ನಂಬಿಕೆ ಬಾರದೆ ಮತ್ತೊಮ್ಮೆ ಅಳೆದೆ. ರೇಡಿಯೋ ಹಿಡಿದು ಕೂಗಿದೆ: "ಓಡ್ನಿ, ಮೂರು, ಮೂರು, ಮೂರು! ನಿಜವಾಗ್ಲೂ ಮೂರು! ಬರಹೇಳು!"



"ಈಗಷ್ಟೇ ಡಾಕ್ಟರ ಫೋನ್ ಬಂತು" ಎಂದಳು. "ಇನ್ನು ವಿಮಾನ ಬೇಡ ಕಣೋ, ಐವಿನ್."