ಕಂಕಳಾಗಿನ ಕೆರ

ಬೇವಿನ ನೆರಳು ಇಲ್ಲಿಗೆ ಮುಗಿಯಿತು, ಇನ್ನು ಪರಸಿಯ ಹಾಸುಗಲ್ಲು, ಎಳೆಬಿಸಿಲು ಬಿದ್ದು ಬೆಣ್ಣೆಯ ಬಣ್ಣಕ್ಕೆ ತಿರುಗಿದ ಪರಸಿ, ನಿನ್ನೆಯ ತಂಪು ಇನ್ನೂ ಅದರ ಹೊಟ್ಟೆಯೊಳಗೇ ಇದೆ, ಮುಟ್ಟುವ ಮೊದಲೇ ಅದು ನನ್ನ ಕಾಲಿನ ಹಿಂಬಡಕ್ಕೆ ಗೊತ್ತು — ತಲೆಯ ಮೇಲೆ ಎರಡು ಕಂಬಳಿ, ಕಾಲಲ್ಲಿ ಕೆರ, ಎದುರಿಗೆ ಧಣಿಯ ವಾಡೆ, ಅದರ ಈ ಮೂಲೆಯಿಂದ ಆ ಮೂಲೆಯವರೆಗೆ ನಲವತ್ತು ಪರಸಿ, ಎಣಿಸಿದ್ದೇನೆ, ಬರಿಗಾಲಲ್ಲಿ ದಾಟಿದವರಿಗೆಲ್ಲ ಈ ಲೆಕ್ಕ ಬಾಯಿಪಾಠ. ಇಲ್ಲಿಗೆ ಬಂದ ಕೂಡಲೇ ಊರು ಬಾಗುತ್ತದೆ, ಕೆರ ಬಿಚ್ಚಿ ಕಂಕಳಲ್ಲಿ ಇಟ್ಟುಕೊಳ್ಳುತ್ತದೆ, ನಮ್ಮ ಅತ್ತಿ ಹಾಗೆ ದಾಟಿದಳು, ಅವಳ ಅತ್ತಿಯೂ, ನಾನು ಮದುವೆಯಾಗಿ ಬಂದ ದಿನ ಅರಿಶಿನದ ಕಾಲಲ್ಲಿ ಈ ಊರಿನಲ್ಲಿ ಕಲಿತ ಮೊದಲ ಪಾಠವೇ ಇದು. ಈಗ ಧಣಿ ಹೈದರಾಬಾದಿಗೆ ಹೋಗಿ ಎರಡು ವರ್ಷ, ಮಿಲ್ಟ್ರಿ ಬಂತು, ನಿಜಾಮನ ರಾಜ್ಯ ಮುಗಿಯಿತು, ಜಾಗೀರು ಹೋಯಿತೆಂದು ಹಲಗೆ ಬಾರಿಸಿ ಸಾರಿದರು, ಒಳಗೆ ಪಾರಿವಾಳ ಬಿಟ್ಟರೆ ಯಾರೂ ಇಲ್ಲ, ಆದರೂ ನಿನ್ನೆಯೂ ಊರು ಬಾಗಿತು, ಬೆನ್ನು ತಾನೇ ಬಾಗುತ್ತದೆ, ಅದಕ್ಕೆ ಹಲಗೆಯ ಸಪ್ಪಳ ಕೇಳಿಸಿಲ್ಲ. ಹಿಂದೆ ಹಣಮಮ್ಮ, ನಮ್ಮ ಓಣಿಯವಳು, ಸಂತೆಗೆ ನನ್ನ ಜೋಡಿ, ಆಗಲೇ ಬಿಚ್ಚಿ ಕಂಕಳಿಗೆ ಸೇರಿಸಿದಳು, ಯಾಕವ್ವಾ ನಿಂತಿ, ಹೊತ್ತೇರಾಕತ್ತೇತಿ ಅಂದಳು. ನಾನು ಬಾಗಲಿಲ್ಲ. ಬಾಗಬೇಕೆಂದು ನಡು ಕೇಳುತ್ತಿದೆ, ಕೈ ಕೆಳಗೆ ಹೊರಟಿತ್ತು, ತಡೆದು ಕಂಬಳಿಯ ಗಂಟು ಹಿಡಿಸಿದ್ದೇನೆ.

ನಾನು ನಡೆಯುವ ಹೆಂಗಸು, ಇದೊಂದು ಸೊಕ್ಕು ನನಗೆ, ನಮ್ಮ ದೇವರು ಬೀರಪ್ಪ ತಪ್ಪು ಹಿಡಿಯದಿರಲಿ. ಕುರಿಯ ಹಿಂದೆ ಕೃಷ್ಣೆಯ ದಂಡೆಯವರೆಗೆ ನಡೆದವಳು, ಹಿರಿಮಗನನ್ನು ಕೊಂಕಲ್ ಸೀಮೆಯ ಜಾಲಿಮರದ ಕೆಳಗೆ ಹೆತ್ತು ಐದನೇ ದಿನಕ್ಕೆ ಹಿಂಡಿನ ಹಿಂದೆ ಹೊರಟವಳು, ದೇವ್ರು ಎಲ್ಲರ ಕಾಲು ಮಣ್ಣಿಲೆ ಮಾಡಿದಾ, ಇಕಿವು ಕಬ್ಬಿಣದ್ಲೆ ಮಾಡ್ಯಾನ ಅಂತ ಮಾವ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ, ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡು ಇನ್ನೊಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದೆ. ಆ ಕಾಲು, ಒಂದು ಮುಂಜಾನೆ ಕೌದಿ ಸರಿಸಿ ನೆಲಕ್ಕೆ ಇಟ್ಟರೆ ಹಿಂಬಡದಲ್ಲಿ ಮೊಳೆ, ತಲೆಯವರೆಗೆ ಹೊಡೆದ ಮೊಳೆ, ಜಾಲಿಮುಳ್ಳು ಮುರಿದಿದೆ ಎಂದುಕೊಂಡೆ, ನಮ್ಮ ಮನೆಯವನು — ಹೆಸರು ಮನಸ್ಸಿನೊಳಗೂ ಬೇಡ — ಮಗ್ಗದ ಕುಣಿಯಿಂದ ಎದ್ದುಬಂದು ಸೂಜಿ ಹಿಡಿದು ಕೆದಕಿದ, ಕೆದಕಿ ಕೆದಕಿ, ಇಲ್ಲೇನೂ ಇಲ್ಲ ಬಿಡು, ಮುಳ್ಳು ಇರೂದು ನಿನ್ನ ನಾಲಿಗ್ಯಾಗ ಅಂದ. ನಾಲ್ಕು ಹೆಜ್ಜೆ ಹಾಕಿದರೆ ಮೊಳೆ ಸಡಿಲಾಗುತ್ತದೆ, ಕೂತು ಎದ್ದರೆ ಮತ್ತೆ ಅದೇ ಜಾಗ, ಅದೇ ಮೊಳೆ, ನೂರಾರು ಹರದಾರಿ ನಡೆದವಳು ಒಲೆಯಿಂದ ನೀರಿನ ಹರವಿಯವರೆಗೆ ಗೋಡೆ ಹಿಡಿದು ಹೋದೆ, ಯಾರೂ ನೋಡಬಾರದೆಂದು ಬಾಗಿಲು ಮುಂದೆ ಮಾಡಿಕೊಂಡು. ದೇವರ ಸಿಟ್ಟೇ ಇರಬೇಕು, ಮುಂಗಾರಿನಲ್ಲಿ ಒಂದು ದಿನ ಮಳೆಗೆ ಓಡಿ ಬೀರಪ್ಪನ ಗುಡಿಯ ಅಂಗಳದೊಳಗೆ ಕೆರದ ಸಮೇತ ಹೊಕ್ಕಿದ್ದೆ, ಪೂಜಾರಿ ಅಂಬಣ್ಣನ ಮುಂದೆ ಅತ್ತು ಒಪ್ಪಿಕೊಂಡೆ, ಅವನು ಹಣೆಗೆ ಭಂಡಾರ ಹಚ್ಚಿ ನಕ್ಕ, ಕುರಿ ಕಾಯ್ದ ದೇವ್ರು ತಂಗಿ ಆತ, ಕಾಲಿನ ಬ್ಯಾನಿ ಆತಗ ಗೊತ್ತಿಲ್ಲೇನು, ನಿನ್ನ ಹಿಂಬಡ ತಗೊಂಡು ಆತ ಏನ್ ಮಾಡ್ಯಾನ, ಸುರಪುರದಾಗ ಲಾಡ್ಲೇಸಾಬ ಅಂತ ಹಕೀಮ ಅದಾನ, ಹೋಗಿ ತೋರ್ಸು. ಗುಡಿಯ ಅಂಗಳದ ಮಣ್ಣು ಎಷ್ಟು ಮೆತ್ತಗೆ, ಅಲ್ಲಿ ಬರಿಗಾಲಲ್ಲಿ ನಿಂತರೆ ನೋವೇ ಇಲ್ಲ, ಅದನ್ನು ಆಗ ಯಾಕೆ ಯೋಚಿಸಲಿಲ್ಲ ನಾನು.

ಹಕೀಮನ ಹೆಬ್ಬೆರಳು ಹಿಂಬಡದ ನಡುವೆ ಒತ್ತಿತು, ನನ್ನ ಕಣ್ಣಲ್ಲಿ ನೀರು, ಇಲ್ಲೇ ಅಲ್ಲೇನಮ್ಮಾ ಅಂದ, ಮುಳ್ಳಲ್ಲ ಇದು, ಪಾದದ ತೆಳಗ ಒಂದು ನರದ ಪಟ್ಟಿ ಐತಿ, ನಿಮ್ಮ ಉಣ್ಣಿ ಹಿಂಜೂ ಬಿಲ್ಲಿಗೆ ಹೆದಿ ಇದ್ದಂಗ, ರಾತ್ರಿಯೆಲ್ಲಾ ಮುದುಡಿ ಮಲಗಿರತೈತಿ, ನೀ ಎದ್ದಾಕಿನ ಒಮ್ಮಿಗೆ ಜಗ್ಗತಿ, ಅದು ಚೀರತೈತಿ. ಬಿಲ್ಲು ಅಂದಾಗ ನನಗೆ ತಿಳಿಯಿತು, ತಂಪಿನಲ್ಲಿ ಬಿಗಿದ ಹೆದೆಯನ್ನು ಮೆಲ್ಲಗೆ ಮಿಡಿದು ಮಿಡಿದು ಹದಕ್ಕೆ ತರಬೇಕು, ಒಮ್ಮೆಲೇ ಹೊಡೆದರೆ ಹರಿಯುತ್ತದೆ, ಇಷ್ಟು ವರ್ಷ ಬಿಲ್ಲಿಗೆ ತೋರಿಸಿದ ದಯೆಯನ್ನು ಕಾಲಿಗೆ ತೋರಿಸಿರಲಿಲ್ಲ. ಆಮೇಲಿಂದ ಏಳುವ ಮೊದಲು ಹಾಸಿಗೆಯಲ್ಲೇ ಕೂತು ಸೆರಗನ್ನು ಕಾಲ್ಬೆರಳುಗಳಿಗೆ ಸುತ್ತಿ ನನ್ನ ಕಡೆಗೆ ಜಗ್ಗುವುದು, ಬೀರಪ್ಪಾ ಬೀರಪ್ಪಾ ಎಂದು ಇಪ್ಪತ್ತೊಂದು ಸಲ, ನಾಮವೂ ಆಯಿತು ಔಷಧವೂ ಆಯಿತು, ಆಮೇಲೆ ಗುಂಡಕಲ್ಲನ್ನು ಪಾದದ ಕೆಳಗೆ ಉರುಳಿಸುವುದು, ಸಂಜೆಗೆ ಬಿಸಿ ಇಟ್ಟಿಗೆಯ ಮೇಲೆ ಎಕ್ಕೆಯ ಎಲೆ, ಅದರ ಮೇಲೆ ಹಿಂಬಡ, ಹಿಂದಿನ ಕಾಲು ನೀಟಾಗಿ ಚಾಚಿ ಎರಡೂ ಕೈ ಗೋಡೆಗೆ ಕೊಟ್ಟು ನಿಲ್ಲುವುದು, ಹಣಮಮ್ಮ ಬಾಗಿಲಲ್ಲಿ ನಿಂತು ನೋಡಿ, ಗ್ವಾಡಿ ಬೀಳ್ತದೇನವ್ವಾ, ಒಬ್ಬಾಕೀನೇ ಹಿಡಕೊಂಡಿ, ನಾನೂ ಬರ್ಲೇನು ಅಂದಳು, ನಾನು ನಕ್ಕರೆ ಮೀನಖಂಡ ಅಲ್ಲಾಡಿ ಎಣಿಕೆ ತಪ್ಪಿತು. ಹಕೀಮ ಹೇಳಿದ್ದು ಇನ್ನೊಂದು, ಬರಿಗಾಲಿಲೆ ಕಲ್ಲು ತುಳಿಬ್ಯಾಡ, ಮನ್ಯಾಗೂ ಬ್ಯಾಡ, ಹಿಂಬಡಕ್ಕ ಮೆತ್ತಂದು ಇರಬೇಕು. ಕೆರ ಹೊಲಿಯುವ ಭೀಮರಾಯನ ಹತ್ತಿರ ಹೋದೆ, ಹಿಂಬಡದಲ್ಲಿ ಎರಡು ಪದರ ತೊಗಲು, ನಡುವೆ ನಾನೇ ಕೊಟ್ಟ ಮರಿಕುರಿಯ ಮೊದಲ ಉಣ್ಣೆ, ನೀರು ಹಾಕಿ ಬಡಿದು ಬಡಿದು ಗಟ್ಟಿ ಮಾಡಿದ್ದು, ಅವನು ಹೊಲಿಯುತ್ತ ತಲೆ ಎತ್ತದೆ ಅಂದ, ನಾ ಹೊಲಿದ ಕೆರ ಈ ಊರಾಗ ಕಾಲಾಗಿಂತ ಕಂಕಳಾಗ ಹೆಚ್ಚು ಸವದಾವು, ಇವನ್ನರ ಕಾಲಾಗ ಸವಸು ಬೇ.

ಸವೆಸಲಿಲ್ಲ. ನೋವು ಮುಕ್ಕಾಲು ಹೋಗಿತ್ತು, ಆರು ತಿಂಗಳ ಮೇಲೆ ಮೊದಲ ಸಂತೆ, ಇಲ್ಲಿಗೆ ಬಂದೆ, ಇದೇ ಬೇವು, ನಡು ಬಾಗಿತು, ಕೈ ಬಿಚ್ಚಿತು, ಉಣ್ಣೆಯ ಮೆತ್ತೆ ಕಂಕಳಲ್ಲಿ ಬೆಚ್ಚಗೆ ಕೂತಿತು, ಹಿಂಬಡ ಪರಸಿಯ ಮೇಲೆ. ಮೂವತ್ತನೆಯ ಕಲ್ಲಿಗೆ ಮೊಳೆ. ಹೋಗುವುದೇನೋ ಹೋದೆ, ಬರುವಾಗ ಯಾದಗಿರಿ ಜಿನ್ನಿನ ಗಿರಣಿಗೆ ಹತ್ತಿ ಹಾಕಿ ಮರಳುತ್ತಿದ್ದ ಯಾರದೋ ಗಾಡಿಯಲ್ಲಿ, ಕಾಲು ಇಳಿಬಿಟ್ಟು, ದಾರಿಯ ಮಂದಿ ನೋಡುವಂತೆ, ಇಪ್ಪತ್ತು ದಿನ ಮತ್ತೆ ಗೋಡೆ. ಹಕೀಮ ಬೈಯಲಿಲ್ಲ, ಇನ್ನೊಮ್ಮೆ ಹಿಂಗಾದ್ರ ಹೆದಿ ಹರೀತೈತಿ, ಆಮ್ಯಾಲ ನನ್ನ ಕಡಿ ಬರಬ್ಯಾಡ ಅಂದ ಅಷ್ಟೇ. ನಮ್ಮ ಮನೆಯವನೂ ಬೈಯಲಿಲ್ಲ, ಸಂತಿಗೆ ಬ್ಯಾರೇದವ್ರು ಒಯ್ತಾರ, ನೀ ಇನ್ನ ಕೂತಲ್ಲೇ ನೂಲು ತೆಗಿ ಅಂದ, ಪ್ರೀತಿಯಿಂದಲೇ ಅಂದ, ಆ ಪ್ರೀತಿ ಮೊಳೆಗಿಂತ ಆಳಕ್ಕೆ ಹೋಯಿತು, ಕೂತಲ್ಲೇ, ನಾನು, ಕೂತಲ್ಲೇ. ಹಳ್ಳದ ಕಡೆಯಿಂದ ಬಳಸಿ ಹೋಗೋಣವೆಂದರೆ ಮೊಳಕಾಲುದ್ದ ನೀರು, ಕೆಳಗೆ ಬರೀ ಉರುಟುಗಲ್ಲು. ಸಂತೆಗೆ ಹೋಗುವ ದಾರಿ ಇದೊಂದೇ, ಇದೇ ನಲವತ್ತು.

ಕೆರದ ಕಾಲನ್ನೇ ಪರಸಿಯ ಮೇಲೆ ಇಟ್ಟೆ. ಟಪ್ ಅಂತು ಕಲ್ಲು. ಅವ್ವಯ್ಯಾ, ಬಿಚ್ಚು ಬೇ, ಶಾಂತಪ್ಪ ಕುಂತಾನ ಅಂತ ಹಣಮಮ್ಮ ಹಿಂದಿನಿಂದ ಪಿಸುಗುಟ್ಟಿದಳು, ಕುಂತಾನ ಹೌದು, ಬಾಗಿಲ ಕಟ್ಟೆಯ ಮೇಲೆ, ಐವತ್ತು ವರ್ಷ ಈ ಬಾಗಿಲು ಕಾಯ್ದವನು, ಧಣಿ ಹೋದರೂ ಇವನನ್ನು ಹೋಗೆಂದು ಯಾರೂ ಹೇಳಿಲ್ಲ, ಎರಡೂ ಕಣ್ಣಿಗೆ ಹಾಲಿನಂಥ ಪೊರೆ, ಆದರೂ ಮುಖ ದಾರಿಯ ಕಡೆಗೇ. ನಮ್ಮ ಮಾವ ಒಮ್ಮೆ ಮರೆತು ಕೆರ ಬಿಚ್ಚದೆ ಎರಡು ಕಲ್ಲು ದಾಟಿದ್ದಕ್ಕೆ ಕೆರ ಎಂದು ಒಂದೇ ಮಾತು ಕೂಗಿದವನು ಇವನೇ, ಮಟಮಟ ಮಧ್ಯಾಹ್ನ ಕೆರ ತಲೆಯ ಮೇಲೆ ಹೊರಿಸಿ ಏಳು ಸಲ ಅತ್ತಿಂದಿತ್ತ ನಡೆಸಿದವನು, ಮಾವ ಬದುಕಿರುವ ತನಕ ಅದನ್ನು ಹೇಳಲಿಲ್ಲ, ಅತ್ತಿ ಹೇಳಿದಳು, ಒಮ್ಮೆ ಮಾತ್ರ. ಐದು, ಆರು, ಟಪ್, ಟಪ್, ಈ ಕಲ್ಲಿನ ಮೇಲೆ ನನ್ನ ಹೆಜ್ಜೆಗೆ ಸಪ್ಪಳವಿದೆ ಎಂದು ನನಗೇ ಗೊತ್ತಿರಲಿಲ್ಲ, ಹಿಂಬಡ ಮೆತ್ತಗೆ ಇಳಿಯುತ್ತದೆ, ಮರಿಕುರಿಯ ಬೆನ್ನಿನ ಮೇಲೆ ಕೈ ಇಟ್ಟ ಹಾಗೆ, ಮೊಳೆ ಇಲ್ಲ, ಹನ್ನೆರಡು, ಕೂಗಲಿ, ಕೂಗಿದರೆ ಏನನ್ನಲಿ, ಬ್ಯಾನಿ ಐತ್ರಿ ಅನ್ನಲೇ, ಇಲ್ಲ, ನೋವಿನ ನೆಪ ಹೇಳಿ ದಾಟಲಾರೆ, ನೆಟ್ಟಗೆ ದಾಟುತ್ತೇನೆ, ಹದಿನೇಳು, ಅವನ ತಲೆ ಎದ್ದಿತು, ಕಿವಿ ಕೊಟ್ಟ, ಹದಿನೆಂಟು, ಕೋಲು ಊರಿದ, ಏಳುತ್ತಿದ್ದಾನೆ, ಹಣಮಮ್ಮನ ಉಸಿರು ನನ್ನ ಬೆನ್ನಿಗೆ ತಾಗುತ್ತಿದೆ, ಬೀರಪ್ಪಾ, ಇಪ್ಪತ್ತು.

ಎದ್ದು ನಿಂತ. ಹೆಗಲ ಮೇಲಿನ ವಸ್ತ್ರ ತೆಗೆದು ಗಡಿಬಿಡಿಯಿಂದ ನಡುವಿಗೆ ಸುತ್ತಿಕೊಂಡ, ಬಾಗಿದ, ಎರಡೂ ಕೈ ಎತ್ತಿ ಮುಗಿದ, ಶರಣ್ರೀ ಧಣಿ, ಯಾವಾಗ ಬಂದ್ರಿ ಅಂದ, ಮಗುವಿನಂಥ ಸಂತೋಷ ಆ ದನಿಯಲ್ಲಿ. ನನಗೆ ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು, ಐವತ್ತು ವರ್ಷದಲ್ಲಿ ಈ ಪರಸಿಯ ಮೇಲೆ ಅಂಜದೆ ಇಷ್ಟು ದೂರ ಕೆರದ ಸಪ್ಪಳ ಮಾಡಿದ ಕಾಲು ಧಣಿಯದು ಬಿಟ್ಟರೆ ಇನ್ನೊಂದಿಲ್ಲ, ಕಿವಿ ಸಪ್ಪಳ ಕೇಳಿತು, ಬೆನ್ನು ತಾನೇ ಬಾಗಿತು, ನನ್ನ ನಡು ಬಾಗಿದ ಹಾಗೆಯೇ, ಪಾಪ. ಸುಮ್ಮನೆ ದಾಟಬಹುದಿತ್ತು, ಧಣಿಯಾಗಿ ದಾಟಬಹುದಿತ್ತು, ಹಣಮಮ್ಮ ಸೆರಗು ಬಾಯಿಗೊತ್ತಿ ನನ್ನ ರಟ್ಟೆ ಜಗ್ಗಿದಳು, ನಾನು ನಿಂತೆ, ಕಂಬಳಿಯ ಗಂಟು ಸರಿಮಾಡಿಕೊಂಡು ಹೇಳಿದೆ, ಧಣಿ ಅಲ್ಲ ಮುತ್ಯಾ, ನಾ, ಕಂಬಳಿ ಗೊಲ್ಲಾಳಮ್ಮ, ಸಂತಿಗೆ ಹೊಂಟೇನಿ. ಅವನು ಕೇಳಿಸಿಕೊಂಡ. ತುಟಿ ಅಲ್ಲಾಡಿತು, ಆ ಹಳೆಯ ಒಂದೇ ಮಾತು ಬರಬೇಕಿತ್ತು, ಬರಲಿಲ್ಲ, ಕೈ ಇಳಿಸಬೇಕಿತ್ತು, ಇಳಿಸಲಿಲ್ಲ, ಇಳಿಸುವುದು ಹೇಗೆಂದು ತಿಳಿಯದವನ ಹಾಗೆ ನಿಂತ, ನಾನು ನಡೆದೆ, ಇಪ್ಪತ್ತೊಂದು, ಹಿಂಬಡ ನೆಟ್ಟಗೆ, ತಲೆ ನೆಟ್ಟಗೆ, ಮೂವತ್ತು, ಇಲ್ಲೇ ಅಲ್ಲವೇ ಮೊಳೆ ಹೊಡೆದದ್ದು, ಇಲ್ಲ, ಏನೂ ಇಲ್ಲ, ಮೂವತ್ತೆಂಟು, ತಿರುಗಿ ನೋಡಿದೆ, ಅವನ ಕೈಗಳು ಇನ್ನೂ ಮುಗಿದೇ ಇದ್ದವು, ನಲವತ್ತು, ಮಣ್ಣು ಬಂತು, ಸಂತೆಯೂರು ದೇವಾಪುರದ ಕಡೆಯ ದಾರಿ ಬಂತು, ಕಂಬಳಿಗೆ ಎಷ್ಟು ಕೇಳಬೇಕು, ಬರುವಾಗ ಉಪ್ಪು ತರಬೇಕು — ಕೈ, ಆ ಬಿಸಿಲಿನಲ್ಲಿ, ನನ್ನ ಹೆಸರು ಕೇಳಿದ ಮೇಲೂ — ಉಪ್ಪು, ಮತ್ತೆ — ಮುಗಿದ ಆ ಎರಡು ಕೈ, ಇಳಿಯದ ಕೈ.