ಪೊದೆಯಲ್ಲಿ ಬಿದ್ದವನು

"ಅಲ್ಲೇ ನಿಂತ್ಕಳೇ ಮಸಿ ಮುಂಡೆ! ಬಾಗ್ಲು ಮುಟ್ಟಿದ್ರೆ ಕೈ ಕಡ್ದಾಕ್ಬುಡ್ತೀನಿ."

ಓರ್ಸೊಲಾ ಅಂಗಳದಲ್ಲೇ ನಿಂತಳು. ಗಾರ್ದೋನೆ ಊರಿನ ಕೋವಿ ಕಾರ್ಖಾನೆಗೆ ಅವಳ ಕೈ ಬೇಕು, ಅವಳು ಬೇಡ. ಉಕ್ಕಿನಲ್ಲಿ ಕೆತ್ತಿದ ಗೆರೆಗೆ ಕರಿ ಬಣ್ಣ ತುಂಬುವವಳ ಬೆರಳು ಎಷ್ಟು ಸೋಪು ತಿಕ್ಕಿದರೂ ಬೆಳ್ಳಗಾಗುವುದಿಲ್ಲ. ಇಗರ್ಜಿಯ ಪ್ರಾರ್ಥನೆಗೂ ಅವಳಿಗೆ ಹಿಂದಿನ ಬೆಂಚೇ ಗತಿ.

ಮೇಸ್ತ್ರಿ ಜೆಲ್ಮಿನಿ ಬಟ್ಟೆ ಸುತ್ತಿದ ಉಕ್ಕಿನ ತಗಡನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದ.

"ಕೌಂಟ್ ಸಾಹೇಬ್ರ ಕೋವಿಗ್ ಕೂರ್ಸೋ ತಗಡು. ಹೋದ್ ವರ್ಸದ ಹಂದಿ ಬ್ಯಾಟೆ ಚಿತ್ರ. ನಿಮ್ಮಪ್ಪ ಕೆತ್ತವ್ನೆ, ಕಾರ್ಖಾನೆ ಧಣೇರು ನೋಡಿ ಮೆಚ್ಚವ್ರೆ. ಮುಂದಿನ್ ವಾರ ಸಾಹೇಬ್ರು ಬತ್ತಾರೆ. ಒಂದ್ ಗೆರೆ ಹೆಚ್ಚುಕಮ್ಮಿ ಆದ್ರೂ ಧಣೇರ ಮನೆ ಖಾಲಿ ಮಾಡಿ ಬೀದಿಗ್ ಬೀಳ್ತೀರ, ಅಪ್ಪ ಮಗ್ಳು ಇಬ್ರೂವೆ."

ಹೋದ ವರ್ಷದ ಬೇಟೆ! ಆವತ್ತು ಹಂದಿ ಎಬ್ಬಿಸಲು ಪೊದೆಗೆ ನುಗ್ಗಿದವನು ಅವಳ ತಮ್ಮ ಬೊರ್ತೊಲೊ. ಕೌಂಟನ ಗುಂಡು ಅವನ ಕುತ್ತಿಗೆಗೆ ಹೊಕ್ಕಿತು. ಅಡ್ಡ ಓಡಿದ್ದು ಅವನದೇ ತಪ್ಪೆಂದು ಪೊಲೀಸರು ಬರೆದುಕೊಂಡರು. ಹೆಣದ ಜೊತೆ ಕೌಂಟನ ಕಡೆಯವರು ಒಂದು ಹಂದಿತೊಡೆಯನ್ನೂ ಕಳಿಸಿಕೊಟ್ಟಿದ್ದರು.

ಮನೆಯಲ್ಲಿ ಅಪ್ಪ ಫಾಸ್ತೀನೊ ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಗಂಜಿ ತಿರುವುತ್ತಿದ್ದ. ಅವಳು ಕಾಡಿಗೆಗೆ ಅಗಸೆಎಣ್ಣೆ ಕಲಸಿ, ಹೆಬ್ಬೆರಳಲ್ಲಿ ತಗಡಿಗೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿದಳು. ಕರಿ ಗೆರೆಯೊಳಗಷ್ಟೇ ಉಳಿಯಿತು. ಹಂದಿ ಎದ್ದಿತು, ನಾಯಿ ಎದ್ದಿತು, ಕೌಂಟನ ಟೋಪಿಯ ಗರಿಯೂ ಎದ್ದಿತು. ಪೊದೆಯ ಹತ್ತಿರ ಮಾತ್ರ ಬೆರಳಿಗೆ ಏನೋ ತಡೆಯಿತು. ಕಣ್ಣಿಗೆ ಕಾಣದ ಕೂದಲೆಳೆಯಂಥ ಗೆರೆಗಳು ಅಲ್ಲಿದ್ದವು.

ಅಪ್ಪ ಬಂದು ಮುಂಗೈ ಹಿಡಿದ. "ಅಲ್ಲಿಗ್ ಬ್ಯಾಡ ಕಣವ್ವ."

"ಏನಪ್ಪಾ ಇದು?"

"ನಿನ್ ತಮ್ಮ. ಗೀರ್ದೆ ಇರಾಕಾಗ್ಲಿಲ್ಲ. ಕರಿ ತುಂಬ್ದಿದ್ರೆ ಯಾರ್ಗೂ ಕಾಣಾಕಿಲ್ಲ, ಹಂಗೇ ಇರ್ಲಿ ಬುಡು."

"ಬದುಕಿದ್ದಾಗ್ಲೂ ಯಾರ್ಗೂ ಕಾಣ್ನಿಲ್ಲ ಅವ್ನು."

"ಮನೆ ಹೋಯ್ತದೆ. ನಂಗೋ ಕಣ್ಣು ಮಂಜಾಯ್ತಾ ಅದೆ. ಎಲ್ಲಿಗ್ ಹೋಗಾನವ್ವ?"

ಹೋಗಲು ಎಲ್ಲಿಯೂ ಇರಲಿಲ್ಲ. ಕಣಿವೆಯ ಮನೆಗಳೆಲ್ಲ ಈ ಧಣಿಯವು, ಇಲ್ಲವೇ ಆ ಧಣಿಯವು. ಓರ್ಸೊಲಾ ಕರಿ ಬೆರಳನ್ನು ಎತ್ತಿ ಹಿಡಿದಳು. ಪೊಲೆಂತಾ ತಳ ಹಿಡಿದ ವಾಸನೆ ಬಂತು. ಆಮೇಲೆ ಬೆರಳನ್ನು ಪೊದೆಯ ಮೇಲೆ ಊರಿದಳು.

ಒರೆಸಿದಾಗ ಬೊರ್ತೊಲೊ ಬೋರಲು ಬಿದ್ದಿದ್ದ. ಚಾಚಿದ ಕೈಯ ಸೊಟ್ಟ ಕಿರುಬೆರಳನ್ನೂ ಅಪ್ಪ ಬಿಟ್ಟಿರಲಿಲ್ಲ. ಮುದುಕ ಗೋಡೆಗೆ ಮುಖ ಮಾಡಿ ಅತ್ತ. ಅವಳು ತಗಡನ್ನು ಒಲೆಯ ಪಕ್ಕ ಇಟ್ಟಳು. ವಾರದಲ್ಲಿ ಕರಿ ಒಣಗಿ ಕಲ್ಲಾಯಿತು.

ಕೌಂಟ್ ಬಂದ ಮೇಲೆಯೇ ಅವಳು ತಗಡಿನ ಗಂಟು ಒಯ್ದಳು. ತಡವಾಯಿತೆಂದು ಬೈಯುತ್ತಲೇ ಜೆಲ್ಮಿನಿ ಅದನ್ನು ಕಿತ್ತುಕೊಂಡು ಒಳಗೆ ಓಡಿದ. ಹಂದಿ ನೋಡುವ ಆತುರಕ್ಕೆ ಕೌಂಟ್ ತಾನೇ ಬಟ್ಟೆ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನಕ್ಕ. ನಗು ಅರ್ಧಕ್ಕೆ ನಿಂತಿತು. ಇಣುಕಿದ ಧಣಿಯ ಮುಖ ಬಿಳಿಚಿಕೊಂಡಿತು.

"ಬಂದ್ ಒರ್ಸೇ ಅದ್ನ, ಬೋಸುಡಿ!" ಜೆಲ್ಮಿನಿ ಕಿರುಚಿದ.

ಓರ್ಸೊಲಾ ಮೆಟ್ಟಿಲು ಹತ್ತಿ, ಬಿಳಿ ಬಾಗಿಲಿಗೆ ಅಂಗೈ ಊರಿ ನಿಂತಳು.

"ಒಣ್ಗೋಯ್ತು. ಇನ್ ಅಳ್ಸಾಕ್ ಬರಾಕಿಲ್ಲ."

ಕೌಂಟ್ ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದ. ಕರವಸ್ತ್ರ ತೆಗೆದು ಹಲ್ಲು ಕಚ್ಚಿ ಉಜ್ಜಿದ. ಉಜ್ಜಿದಷ್ಟೂ ಉಕ್ಕು ಬೆಳಗಿತು. ಪೊದೆಯಲ್ಲಿ ಬಿದ್ದವನು ಇನ್ನಷ್ಟು ಎದ್ದು ಕಂಡ.